32 ಪುಟಗಳ ಊರು: ಗ್ರೀನ್ ರೋನಿನ್‌ಗೆ ಇಪ್ಪತ್ತೈದು

2000ನೇ ಇಸವಿಯ ಆಗಸ್ಟ್ 10ರಂದು ಅಮೆರಿಕದ ಮಿಲ್ವಾಕಿಯಲ್ಲಿ ‘ಜೆನ್ ಕಾನ್’ ನಡೆಯುತ್ತಿತ್ತು. ದಾಳ ಉರುಳಿಸಿ ಕಥೆ ಕಟ್ಟುವವರಿಗೆ ಅದು ವರ್ಷಕ್ಕೊಮ್ಮೆ ಬರುವ ಜಾತ್ರೆ. ಆ ಸಲ ಎಲ್ಲರೂ ಕಾದಿದ್ದು ಒಂದೇ ಪುಸ್ತಕಕ್ಕೆ: ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಆಟದ ಮೂರನೇ ಆವೃತ್ತಿಯ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’. ಹೊಸ ನಿಯಮವೇನೋ ಕೈಗೆ ಬಂತು, ಆದರೆ ಅದನ್ನಿಟ್ಟುಕೊಂಡು ಇವತ್ತು ರಾತ್ರಿಯೇ ಆಡುವುದು ಏನನ್ನು? ಆ ಪ್ರಶ್ನೆಗೆ ಉತ್ತರವಾಗಿ ಅದೇ ದಿನ, ಅದೇ ಜಾತ್ರೆಯಲ್ಲಿ 32 ಪುಟಗಳ ತೆಳು ಪುಸ್ತಿಕೆಯೊಂದು ಮಾರಾಟಕ್ಕೆ ಬಂತು. ಹೆಸರು ‘ಡೆತ್ ಇನ್ ಫ್ರೀಪೋರ್ಟ್’. ಬರೆದವರು ಕ್ರಿಸ್ ಪ್ರಾಮಸ್. ಪ್ರಕಟಿಸಿದ್ದು ಅದೇ ವರ್ಷ ಕಣ್ಣು ಬಿಟ್ಟ, ಸಿಯಾಟಲ್‌ನ ಗ್ರೀನ್ ರೋನಿನ್.

ಸಂಸ್ಥೆ ಎಂದರೆ ದೊಡ್ಡ ಕಟ್ಟಡ ಕಲ್ಪಿಸಿಕೊಳ್ಳಬೇಡಿ. ಪ್ರಾಮಸ್ ಆಗ ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ ಒಡೆಯರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್‌ನಲ್ಲೇ ನೌಕರಿಯಲ್ಲಿದ್ದರು. ಗ್ರೀನ್ ರೋನಿನ್ ಅವರ ಬಿಡುವಿನ ವೇಳೆಯ ಉದ್ಯಮ. ಜೊತೆಗಿದ್ದವರು ನಿಕೋಲ್ ಲಿಂಡ್ರೂಸ್ ಮತ್ತು ಪುಸ್ತಕಗಳ ವಿನ್ಯಾಸ ನೋಡಿಕೊಂಡ ಹ್ಯಾಲ್ ಮ್ಯಾಂಗೋಲ್ಡ್. ಕಾಲು ಶತಮಾನದ ಇತಿಹಾಸ ಈ ಮೂವರಿಂದ ಶುರುವಾಗುತ್ತದೆ.

ಈ ಆಟ ಏನೆಂದು ತಾಳಮದ್ದಳೆ ಕೇಳಿದವರಿಗೆ ಹೇಳುವುದು ಸುಲಭ. ಪ್ರಸಂಗದ ಪದ್ಯ ಮೊದಲೇ ಇರುತ್ತದೆ. ಅರ್ಥಧಾರಿಯ ಮಾತು ಮಾತ್ರ ಆ ಹೊತ್ತಿನಲ್ಲೇ ಹುಟ್ಟಬೇಕು. ಇಲ್ಲಿಯೂ ಮೇಜಿನ ಸುತ್ತ ನಾಲ್ಕೈದು ಜನ ಒಂದೊಂದು ಪಾತ್ರ ವಹಿಸಿ ಮಾತಾಡುತ್ತಾರೆ. ಗೇಮ್ ಮಾಸ್ಟರ್ ಎಂಬಾತ ಭಾಗವತನ ಹಾಗೆ ಆಟವನ್ನು ನಡೆಸುತ್ತಾನೆ. ಅವನ ಕೈಯಲ್ಲಿರುವ ಪ್ರಸಂಗದ ಪುಸ್ತಕವೇ ‘ಅಡ್ವೆಂಚರ್ ಮಾಡ್ಯೂಲ್’. ವ್ಯತ್ಯಾಸವೊಂದಿದೆ: ತಾಳಮದ್ದಳೆಯಲ್ಲಿ ಕರ್ಣ ಸಾಯುವುದು ಎಲ್ಲರಿಗೂ ಗೊತ್ತು, ಇಲ್ಲಿ ಇಪ್ಪತ್ತು ಮುಖದ ದಾಳ ಬೀಳುವ ತನಕ ಯಾರಿಗೂ ಗೊತ್ತಿಲ್ಲ.

ಫ್ರೀಪೋರ್ಟ್ ಕಡಲುಗಳ್ಳರು ಕಟ್ಟಿದ ದ್ವೀಪನಗರ. ಹಿಂದೆ ಸರ್ಪಮಾನವರು ಆಳಿದ ವಲೋಸಾ ಎಂಬ ನಾಡು ಸಮುದ್ರದ ಪಾಲಾಗಿ, ಉಳಿದ ಚೂರುಪಾರು ನೆಲದ ಮೇಲೆ ಈ ಊರು ಎದ್ದಿದೆ. ಕಥೆ ಶುರುವಾಗುವುದು ದಕ್ಕೆಯಲ್ಲಿ. ಹಡಗಿನಿಂದ ಇಳಿದ ನಾಯಕರ ಮೇಲೆ ಪುಂಡರು ಬೀಳುತ್ತಾರೆ. ಗಲಾಟೆ ಮುಗಿದ ಮೇಲೆ ಜ್ಞಾನದೇವತೆಯ ಗುಡಿಯ ಎಗಿಲ್ ಎಂಬಾತ ಹತ್ತಿರ ಬಂದು, ಲೂಷಿಯಸ್ ಎಂಬ ಗ್ರಂಥಪಾಲ ಕಾಣೆಯಾಗಿದ್ದಾನೆ, ಹುಡುಕಿಕೊಡಿ ಎನ್ನುತ್ತಾನೆ. ಶುರುವಿನಲ್ಲಿ ರಾಕ್ಷಸನ ಗುಹೆಯಿಲ್ಲ, ನಿಧಿಯಿಲ್ಲ. ಕಳೆದುಹೋದದ್ದು ಪುಸ್ತಕ ಕಾಯುವ ಒಬ್ಬ ಮನುಷ್ಯ. ಈ ಒಂದು ಆಯ್ಕೆಗಾಗಿಯೇ ನಾನು ಈ ಪುಸ್ತಿಕೆಯನ್ನು ಪ್ರೀತಿಸುತ್ತೇನೆ. ಅದಕ್ಕೆ ಆಟಲೋಕದ ಒರಿಜಿನ್ಸ್ ಪ್ರಶಸ್ತಿಯೂ ಎನ್ನಿ ಪ್ರಶಸ್ತಿಯೂ ಬಂದವು. ‘ಟೆರರ್ ಇನ್ ಫ್ರೀಪೋರ್ಟ್’, ‘ಮ್ಯಾಡ್‌ನೆಸ್ ಇನ್ ಫ್ರೀಪೋರ್ಟ್’ ಹಿಂದೆಯೇ ಬಂದು ಮೂರು ಭಾಗದ ಕಥೆ ಪೂರ್ತಿಯಾಯಿತು.

ಚಿಕ್ಕವರೊಬ್ಬರು ದೊಡ್ಡವರ ಆಟಕ್ಕೆ ಹೀಗೆ ಬರೆಯಲು ಸಾಧ್ಯವಾದದ್ದು ವಿಝರ್ಡ್ಸ್ ಆಗ ತಂದ ಓಪನ್ ಗೇಮ್ ಲೈಸೆನ್ಸ್‌ನಿಂದ. ತಮ್ಮ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದು ಎಂದು ಅವರು ಬಾಗಿಲು ತೆರೆದರು. ಮಾಡ್ಯೂಲಿನಲ್ಲಿ ಲಾಭ ಕಡಿಮೆ, ಆದರೆ ಮಾಡ್ಯೂಲ್ ಇಲ್ಲದೆ ಆಟ ನಡೆಯದು. ಆ ಕೆಲಸವನ್ನು ಹೊರಗಿನವರು ಮಾಡಲಿ, ನಿಯಮದ ಪುಸ್ತಕ ನಮ್ಮಿಂದ ಮಾರಾಟವಾಗಲಿ ಎಂಬ ಎಣಿಕೆ ಅದರ ಹಿಂದೆ ಇತ್ತು.

ಲಾಭ ಕಡಿಮೆ ಏಕೆ? ಮೇಜಿನ ಸುತ್ತ ಐವರಿದ್ದರೆ ಮಾಡ್ಯೂಲ್ ಕೊಳ್ಳುವವನು ಒಬ್ಬನೇ. ಉಳಿದ ನಾಲ್ವರು ಕೊಳ್ಳುವುದಿರಲಿ, ಓದಲೂ ಕೂಡದು. ಓದಿದರೆ ಲೂಷಿಯಸ್ ಎಲ್ಲಿದ್ದಾನೆಂದು ಗೊತ್ತಾಗಿ ಆಟವೇ ಕೆಟ್ಟಿತು. ಮೇಜಿನ ಸುತ್ತಲಿನ ಐವರಲ್ಲಿ ನಾಲ್ವರಿಗೆ ‘ನನ್ನನ್ನು ಮುಟ್ಟಬೇಡಿ’ ಎನ್ನುವ ಪುಸ್ತಕ ಅದು. ಒಮ್ಮೆ ಆಡಿದ ಮೇಲೆ ಕೊಂಡವನಿಗೂ ಅದರ ಕೆಲಸ ಮುಗಿಯಿತು. ದೇವತೆಗಳ, ಭೂತಗಳ, ಮಾಟಗಾತಿಯರ ವಿವರ ಕೊಡುವ ಆಕರ ಪುಸ್ತಕ ಹಾಗಲ್ಲ. ಅದು ವರ್ಷಗಟ್ಟಲೆ ಮೇಜಿನ ಮೇಲಿರುತ್ತದೆ, ಆಟಗಾರರಿಗೂ ಬೇಕಾಗಬಹುದು.

ಗ್ರೀನ್ ರೋನಿನ್ ಆ ಕಡೆಗೆ ತಿರುಗಲು ತಡಮಾಡಲಿಲ್ಲ. 2001ರಲ್ಲಿ ನರಕದ ಪಿಶಾಚಿಗಳ ‘ಲೀಜನ್ಸ್ ಆಫ್ ಹೆಲ್’ ಬಂತು. 2002ರಲ್ಲಿ ‘ದಿ ಬುಕ್ ಆಫ್ ದಿ ರೈಟಿಯಸ್’ ಬಂತು: ಮುನ್ನೂರಕ್ಕೂ ಹೆಚ್ಚು ಪುಟಗಳಲ್ಲಿ ದೇವರು, ಪುರಾಣ, ಪೌರೋಹಿತ್ಯಗಳ ಒಂದು ಪೂರ್ತಿ ಧರ್ಮಲೋಕ. ಅದೇ ವರ್ಷ ಪ್ರಾಮಸ್ ವಿಝರ್ಡ್ಸ್‌ನಿಂದ ಹೊರಬಂದರು. ಬಿಡುವಿನ ವೇಳೆಯ ಉದ್ಯಮ ಹೊಟ್ಟೆಪಾಡಾಯಿತು.

ಆ ವರ್ಷದ ದೊಡ್ಡ ಸಂಗತಿ ‘ಮ್ಯೂಟೆಂಟ್ಸ್ ಆಂಡ್ ಮಾಸ್ಟರ್‌ಮೈಂಡ್ಸ್’. ಸ್ಟೀವ್ ಕೆನ್ಸನ್ ಅವರ ಬಳಿ ಸೂಪರ್‌ಹೀರೋಗಳ ನಗರವೊಂದರ ಕಲ್ಪನೆ ಇತ್ತು. ಪ್ರಾಮಸ್ ಅದಕ್ಕೆ ತಕ್ಕ ಆಟವನ್ನೇ ಬರೆಯಿರಿ ಎಂದರು. ಇಲ್ಲೊಂದು ಸೂಕ್ಷ್ಮವಿದೆ. ತಮ್ಮ ಆಟಕ್ಕೆ ಹೊಂದುತ್ತದೆ ಎಂದು ಸಾರುವ ವಿಝರ್ಡ್ಸ್‌ನ ‘ಡಿ20’ ಮುದ್ರೆ ಹಾಕಿಕೊಂಡ ಪುಸ್ತಕದಲ್ಲಿ ಪಾತ್ರ ಸೃಷ್ಟಿಸುವ ವಿಧಾನವನ್ನು ಬರೆಯುವಂತಿರಲಿಲ್ಲ, ಅದಕ್ಕೆ ಜನ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಕೊಳ್ಳಲೇಬೇಕಿತ್ತು. ಗ್ರೀನ್ ರೋನಿನ್ ಆ ಮುದ್ರೆಯನ್ನೇ ಬಿಟ್ಟಿತು. ಓಪನ್ ಗೇಮ್ ಲೈಸೆನ್ಸ್ ಒಂದನ್ನು ಮಾತ್ರ ಹಿಡಿದು, ತನ್ನ ಕಾಲ ಮೇಲೆ ನಿಲ್ಲುವ ಆಟ ಕಟ್ಟಿತು. ಪ್ರಾಣಬಲ ಎಣಿಸುವ ಹಳೆಯ ಪದ್ಧತಿ ಹೋಯಿತು. ಇಡೀ ಆಟಕ್ಕೆ ಇಪ್ಪತ್ತು ಮುಖದ ಒಂದೇ ದಾಳ ಸಾಕು. 2003ರ ಜುಲೈನಲ್ಲಿ ವಿಝರ್ಡ್ಸ್ 3.5 ಆವೃತ್ತಿ ತಂದಾಗ ಹಳೆಯ ನಿಯಮಕ್ಕೆ ಬರೆದ ಪುಸ್ತಕಗಳೆಲ್ಲ ಅಂಗಡಿಗಳ ಕಪಾಟಿನಲ್ಲಿ ಒಮ್ಮೆಲೇ ಹಳತಾದವು. ಪರರ ಮಾಡಿನಡಿ ಮನೆ ಮಾಡಿದ್ದ ಎಷ್ಟೋ ಚಿಕ್ಕ ಪ್ರಕಾಶಕರು ಆ ಮಳೆಗೆ ನೆನೆದರು. ಗ್ರೀನ್ ರೋನಿನ್‌ಗೆ ಅಷ್ಟರಲ್ಲಿ ಸ್ವಂತ ಸೂರಿತ್ತು.

ಮುಂದಿನದನ್ನು ಬೇಗ ಹೇಳಬಹುದು. 2005ರಲ್ಲಿ ‘ಬ್ಲೂ ರೋಸ್’, 2009ರಲ್ಲಿ ‘ಎ ಸಾಂಗ್ ಆಫ್ ಐಸ್ ಆಂಡ್ ಫೈರ್’ ಕಾದಂಬರಿಗಳ ಆಟ, ಆಮೇಲೆ ‘ಡ್ರ್ಯಾಗನ್ ಏಜ್’, 2019ರಲ್ಲಿ ‘ದಿ ಎಕ್ಸ್‌ಪಾನ್ಸ್’. ಎಲ್ಲವೂ ಅವರವೇ ನಿಯಮಗಳು.

ಆದರೆ ಫ್ರೀಪೋರ್ಟ್ ಏನಾಯಿತು? ನನ್ನ ಮಟ್ಟಿಗೆ ಈ ಸಂಸ್ಥೆಯ ನಿಜವಾದ ಚರಿತ್ರೆ ಅದೇ. 2007ರಲ್ಲಿ ‘ದಿ ಪೈರೇಟ್ಸ್ ಗೈಡ್ ಟು ಫ್ರೀಪೋರ್ಟ್’ ಬಂತು. ಯಾವ ಆಟದ ನಿಯಮವೂ ಇಲ್ಲದೆ ಬರೀ ಊರು: ಬೀದಿ, ಜನ, ಜಗಳ, ಗುಟ್ಟು. ನಿಯಮ ಬೇಕಾದವರಿಗೆ ಬೇರೆಬೇರೆ ಆಟಗಳಿಗೆ ತಕ್ಕಂತೆ ಪ್ರತ್ಯೇಕ ಪುಸ್ತಕಗಳು. ಒಂದು ಕಥೆಗೆ ಹಿನ್ನೆಲೆಯಾಗಿ ಹುಟ್ಟಿದ ಊರು ಆ ಕಥೆಯಿಂದಲೂ, ಅದನ್ನು ಹೊತ್ತು ತಂದ ಆಟದಿಂದಲೂ ಬಿಡಿಸಿಕೊಂಡಿತ್ತು. ಮುಂದೆ ಕಿಕ್‌ಸ್ಟಾರ್ಟರ್‌ನಲ್ಲಿ ಓದುಗರಿಂದಲೇ ಹಣ ಕೂಡಿಸಿ ಹೊರತಂದ ಫ್ರೀಪೋರ್ಟ್ ಗ್ರಂಥ ಐನೂರು ಪುಟ ದಾಟಿತು.

ಮಾಡ್ಯೂಲಿನಿಂದ ದೂರ ಸರಿದದ್ದರಲ್ಲಿ ನಷ್ಟವೇ ಇಲ್ಲ ಎನ್ನಲಾರೆ. ಹೊಸ ಗೇಮ್ ಮಾಸ್ಟರ್‌ಗೆ ಐನೂರು ಪುಟದ ಊರು ಕೊಟ್ಟರೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುವುದಿಲ್ಲ. 32 ಪುಟದ ಕಥೆ ಅವನ ಕೈ ಹಿಡಿದು ನಡೆಸುತ್ತದೆ: ಮೊದಲು ದಕ್ಕೆ, ಆಮೇಲೆ ಗುಡಿ, ಆಮೇಲೆ ಹುಡುಕಾಟ. ಇದು ಅವರಿಗೂ ಗೊತ್ತಿತ್ತು ಎಂದೇ ‘ಡ್ರ್ಯಾಗನ್ ಏಜ್’ನ ಮೊದಲ ಪೆಟ್ಟಿಗೆಯಲ್ಲಿ ‘ದಿ ಡೇಲಿಶ್ ಕರ್ಸ್’ ಎಂಬ ಕಥೆಯನ್ನು ಸೇರಿಸಿದರು. ಮಾಡ್ಯೂಲ್ ಸಾಯಲಿಲ್ಲ, ನಿಯಮಗಳ ಜೊತೆಯಲ್ಲೇ ಅದಕ್ಕೊಂದು ಜಾಗ ಸಿಕ್ಕಿತು. 2015ರಲ್ಲಿ ವಿಝರ್ಡ್ಸ್ ‘ಔಟ್ ಆಫ್ ದಿ ಅಬಿಸ್’ ಎಂಬ ಬೃಹತ್ ಸಾಹಸಕಥೆ ಹೊರತಂದಾಗ ಅದನ್ನು ಅವರೊಂದಿಗೆ ಸೇರಿ ರೂಪಿಸಿದ್ದು ಗ್ರೀನ್ ರೋನಿನ್. ಕಥೆ ಹೆಣೆಯುವ ಕೈ ಮರೆತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಆ ಹಳೆಯ ಪುಸ್ತಿಕೆಯನ್ನು ನಾನು ನಾಲ್ವರು ಹೊಸಬರಿಗೆ ಆಡಿಸಿದೆ. ದಕ್ಕೆಯ ಜಗಳ ಚೆನ್ನಾಗಿಯೇ ಆಯಿತು. ಎಗಿಲ್ ಬಂದು ಗ್ರಂಥಪಾಲನ ಸುದ್ದಿ ಹೇಳಿದ. ಆಗ ಒಬ್ಬಳು ದಾಳವನ್ನು ಮುಷ್ಟಿಯಲ್ಲೇ ಇಟ್ಟುಕೊಂಡು, “ಈ ಊರಲ್ಲಿ ಬಾಡಿಗೆಗೆ ಮನೆ ಸಿಗುತ್ತಾ?” ಎಂದು ಕೇಳಿದಳು. ಅವಳ ಪಾತ್ರಕ್ಕೆ ಹಡಗಿನ ಬದುಕು ಸಾಕಾಗಿತ್ತಂತೆ. ನಾನು ಪುಸ್ತಿಕೆ ಮಗುಚಿಟ್ಟು 2007ರ ಪುಸ್ತಕ ತೆರೆದೆ. ಸ್ಕರ್ವಿಟೌನ್ ಎಂಬ ಕೇರಿಯಲ್ಲಿ ಅಗ್ಗ, ಆದರೆ ರಾತ್ರಿ ಒಬ್ಬರೇ ಓಡಾಡುವ ಹಾಗಿಲ್ಲ. ಡ್ರಾಕ್ಸ್ ಎಂಡ್‌ನಲ್ಲಿ ದುಡಿಯುವ ಜನರ ಮನೆಗಳಿವೆ. ನಾಲ್ವರೂ ನಕಾಶೆಯ ಮೇಲೆ ಬಗ್ಗಿದರು. ಎರಡು ವಾರ ಮನೆ ಹುಡುಕಿದೆವು, ಮನೆಯೊಡತಿಯ ಹತ್ತಿರ ಚೌಕಾಸಿ ಮಾಡಿದೆವು, ಪಕ್ಕದ ಬೀದಿಯ ಮೀನುಗಾರನ ಸಾಲದ ಜಗಳಕ್ಕೆ ಸಿಕ್ಕಿಕೊಂಡೆವು. ಲೂಷಿಯಸ್‌ನನ್ನು ಹುಡುಕಲು ಹೊರಟದ್ದು ಮೂರನೇ ವಾರ.