ಆಕಾಶ ಹರಿಯೋ ಹಾಗೆ ಊದಿದ ಫೆಂಗ್ ಜಿತ್ಸುನ್

ಇವತ್ತು ಒಬ್ಬರ ಕೆಲಸದ ಕಥೆ. ಕೆಲಸ ಅಂದ್ರೆ ಕೊಳಲು ಊದೋದು. ಊರು, ಉತ್ತರ ಚೀನಾದ ಹೆಬೈ ಪ್ರಾಂತ್ಯದ ಯಾಂಗ್ಯುವಾನ್. 1904ರಲ್ಲಿ ಅಲ್ಲಿನ ಒಂದು ಬಡ ರೈತ ಕುಟುಂಬದಲ್ಲಿ ಹುಟ್ಟಿದವರು ಫೆಂಗ್ ಜಿತ್ಸುನ್.

ಮೊದಲು ವಾದ್ಯದ ಬಗ್ಗೆ ಎರಡು ಮಾತು. ಡೀಜಿ ಅಂದ್ರೆ ನಮ್ಮ ಕೊಳಲಿನ ಹಾಗೇ ಅಡ್ಡ ಹಿಡಿದು ಊದೋ ಬಿದಿರಿನ ವಾದ್ಯ. ಆದ್ರೆ ಊದೋ ತೂತಿಗೂ ಬೆರಳಿಡೋ ತೂತುಗಳಿಗೂ ಮಧ್ಯೆ ಇನ್ನೊಂದು ತೂತಿದೆ. ಅದರ ಮೇಲೆ ಜೊಂಡಿನ ದಂಟಿನ ಒಳಗಿಂದ ತೆಗೆದ ಪೊರೆ ಅಂಟಿಸ್ತಾರೆ. ಈರುಳ್ಳಿ ಎಸಳಿನ ಮೇಲಿನ ಪೊರೆ ನೆನಪಿಸ್ಕೊಳ್ಳಿ, ಅಷ್ಟು ತೆಳು. ಅಂಟಿಗೆ ಬೆಳ್ಳುಳ್ಳಿ ರಸವೂ ನಡೆಯುತ್ತೆ! ಊದಿದಾಗ ಆ ಪೊರೆ ನಡುಗಿ ಝೇಂಕಾರ ಬರುತ್ತೆ. ದಕ್ಷಿಣದ ಡೀಜಿ ಉದ್ದ, ಧ್ವನಿ ಮೃದು. ಉತ್ತರದ್ದು ಗಿಡ್ಡ, ಧ್ವನಿ ಚೂಪು. ಬಾಂಗ್‌ಜಿ ನಾಟಕಗಳ ಮೇಳದಲ್ಲಿ ಇರ್ತಿದ್ದರಿಂದ ಅದಕ್ಕೆ ಬಾಂಗ್‌ಡಿ ಅಂತಾರೆ. ಫೆಂಗ್ ಊದಿದ್ದು ಇದನ್ನೇ.

ಬಿಕಾಂ ಓದಿದವನು ನಾನು. ನನ್ನ ಮೊದಲ ಪ್ರಶ್ನೆ ಯಾವಾಗ್ಲೂ ಒಂದೇ: ಹೊಟ್ಟೆಪಾಡಿಗೆ ಏನು? ಫೆಂಗ್ ಚಿಕ್ಕ ವಯಸ್ಸಲ್ಲೇ ದುಡಿಮೆ ಹುಡುಕ್ಕೊಂಡು ಒಳ ಮಂಗೋಲಿಯಾದ ಬಾವ್‌ಟೌಗೆ ಹೋದ್ರು. ಅಲ್ಲಿ ಎರ್‌ರೆನ್‌ಟಾಯ್ ಅನ್ನೋ ಜನಪದ ರಂಗಕಲೆ ಇತ್ತು, ಇಬ್ಬರು ಹಾಡ್ತಾ ಕುಣೀತಾ ಕಥೆ ಹೇಳೋದು. ಅದರ ಮಟ್ಟುಗಳೆಲ್ಲ ಇವರ ಕೊಳಲಿಗೆ ಇಳಿದವು. ಜನ ಇಟ್ಟ ಅಡ್ಡಹೆಸರು ಚುಯ್ ಪೊ ಥ್ಯೆನ್, ಅಂದ್ರೆ ಆಕಾಶ ಹರಿಯೋ ಹಾಗೆ ಊದೋನು. ಹೆಸರೇನೋ ದೊಡ್ಡದು. ಆದ್ರೆ ನಾಟಕದಲ್ಲಿ ಜನ ನೋಡೋದು ಹಾಡೋರನ್ನ. ಕೊಳಲಿನವರು ಪಕ್ಕವಾದ್ಯ, ಅಷ್ಟೇ.

1953. ಬೀಜಿಂಗ್‌ನಲ್ಲಿ ದೇಶದ ಮೊದಲ ರಾಷ್ಟ್ರೀಯ ಜನಪದ ಸಂಗೀತ-ನೃತ್ಯ ಮೇಳ. ಫೆಂಗ್‌ಗೆ ಆಗ 49 ವರ್ಷ. ಹಾಡೋರಿಲ್ಲ, ಕುಣಿಯೋರಿಲ್ಲ, ಡೀಜಿಯೇ ಮುಂದೆ. ಅವರು ನುಡಿಸಿದ್ದು ‘ಷಿ ಶ್ಯಾಂಗ್‌ಫೆಂಗ್’, ಅಂದ್ರೆ ಖುಷಿಯ ಭೇಟಿ. ಅದೇ ಎರ್‌ರೆನ್‌ಟಾಯ್ ಮಟ್ಟು! ಒಂದೇ ಧಾಟಿ ಮತ್ತೆ ಮತ್ತೆ ಬರುತ್ತೆ, ಪ್ರತಿ ಸುತ್ತಲ್ಲೂ ಬೇರೆ ಅಲಂಕಾರ. ನಾಲಿಗೆ ಉರುಳಿಸೋದು, ಸ್ವರ ಜಾರಿಸೋದು, ಕೊನೆಗೆ ಓಟ. ಡೀಜಿಯನ್ನ ಒಂಟಿ ವಾದ್ಯವಾಗಿ ಆಧುನಿಕ ವೇದಿಕೆಗೆ ತಂದವರು ಅಂತ ಇವರನ್ನೇ ಹೇಳ್ತಾರೆ.

ಆಮೇಲೆ ಕೇಂದ್ರೀಯ ಹಾಡು-ನೃತ್ಯ ತಂಡದಲ್ಲಿ ಕೆಲಸ ಸಿಕ್ತು. 1964ರಲ್ಲಿ ಚೀನಾ ಕನ್ಸರ್ವೇಟರಿಯಲ್ಲಿ ಮೇಷ್ಟ್ರಾದ್ರು. ಕೂಲಿ ಹುಡುಕ್ಕೊಂಡು ಊರು ಬಿಟ್ಟ ಹುಡುಗ ಕಾಲೇಜಲ್ಲಿ ಪಾಠ ಹೇಳಿದ್ದು 60ರ ವಯಸ್ಸಲ್ಲಿ. ತೀರಿಕೊಂಡಿದ್ದು 1987ರಲ್ಲಿ.

ನನಗೊಂದು ಸಣ್ಣ ತಕರಾರಿದೆ. ಇವತ್ತು ಮಕ್ಕಳು ‘ಷಿ ಶ್ಯಾಂಗ್‌ಫೆಂಗ್’ ಕಲಿಯೋದು ಅಚ್ಚಾದ ನೊಟೇಶನ್ ನೋಡ್ಕೊಂಡು. ಬಾಯಿಂದ ಕಿವಿಗೆ ಬಂದ ಮಟ್ಟು ಕಾಗದದ ಮೇಲೆ ನಿಂತುಬಿಡ್ತು. ಆದ್ರೆ ಬರೆದಿಡದಿದ್ರೆ ನನ್ನ ಫೋನಿನ ತನಕ ಬರ್ತಿತ್ತಾ? ಡೌಟು.

ಹುಡುಕಿ ಕೇಳಿ. ಇಯರ್‌ಫೋನಿನ ವಾಲ್ಯೂಮ್ ಸ್ವಲ್ಪ ಕಮ್ಮಿ ಇಟ್ಕೊಳ್ಳಿ. ಆ ಅಡ್ಡಹೆಸರು ಸುಮ್ನೆ ಬಂದಿದ್ದಲ್ಲ.