ಓಡೋ ನಾಯಿಗೆ ಸರಪಳಿ ಯಾಕೆ?

ಕೆಲವು ಊರಿಗೆ ಒಂದು ಹೆಸರು ಅಂಟಿಕೊಂಡುಬಿಡುತ್ತೆ. ಹೊಳೆನರಸೀಪುರ ತಾಲೂಕಿನ ಹರದನಹಳ್ಳಿ ಅಂದ್ರೆ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು. ಬಾಗಲಕೋಟೆ ಜಿಲ್ಲೆಯ ಮುಧೋಳ ಅಂದ್ರೆ? ಸಾಹಿತ್ಯ ಓದಿದವರು ಕವಿ ರನ್ನ ಅಂತಾರೆ. ಉಳಿದವರು ಒಂದೇ ಉಸಿರಿಗೆ ನಾಯಿ ಅಂತಾರೆ. ಇವತ್ತು ಆ ನಾಯಿಯ ವಿಚಾರ.

ಮುಧೋಳ ನಾಯಿಯನ್ನು ಮೊದಲ ಸಲ ನೋಡಿದವರು ಇದಕ್ಕೆ ಅನ್ನ ಹಾಕಲ್ವಾ ಅಂತ ಕೇಳ್ತಾರೆ. ಅದರ ಮೈಕಟ್ಟೇ ಹಾಗೆ. ಉದ್ದನೆಯ ಕಿರಿದಾದ ಮುಖ, ಆಳವಾದ ಎದೆಗೂಡು, ಒಳಗೆ ಸೇರಿಕೊಂಡ ಹೊಟ್ಟೆ, ಸಪೂರ ಕಾಲು, ನುಣುಪಾದ ಕೂದಲು. ಎತ್ತರ ಎರಡು ಅಡಿಗಿಂತ ಹೆಚ್ಚು. ಇದು ಮೂಸಿ ಹುಡುಕುವ ನಾಯಿಯಲ್ಲ, ಕಣ್ಣಿಂದ ಬೇಟೆಯಾಡುವ ನಾಯಿ. ದೂರದ ಬಯಲಲ್ಲಿ ಮೊಲ ಅಲುಗಾಡಿದ್ರೆ ಸಾಕು, ಹೊರಟುಬಿಡುತ್ತೆ. ಅಪರಿಚಿತರು ಮೈ ಮುಟ್ಟಿದ್ರೆ ಇದಕ್ಕೆ ಹಿಡಿಸೋದಿಲ್ಲ.

ಪಶ್ಚಿಮ ಏಷ್ಯಾದ ಸಲೂಕಿಯಂಥ ಬೇಟೆನಾಯಿಗಳು ಸೈನಿಕರ, ವ್ಯಾಪಾರಿಗಳ ಜೊತೆ ದಖ್ಖನ್ನಿಗೆ ಬಂದವು, ಅವುಗಳ ಸಂತತಿಯೇ ಇದು ಅನ್ನೋ ಮಾತಿದೆ. ಇಲ್ಲಿ ಅದನ್ನು ಸಾಕಿ ಉಳಿಸಿದವರು ಬೇಡರು, ಹಳ್ಳಿಯ ಜನ. ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆ ಬೇಡರ ಬಳಿಯಿದ್ದ ಈ ನಾಯಿಗಳನ್ನು ಗುರುತಿಸಿ, ಆಯ್ದು ತಳಿ ಬೆಳೆಸಿದರು. 20ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರು. ಹೆಸರು ಬಂದಿದ್ದು ಅರಮನೆಯಿಂದ, ಸರಿ. ಆದರೆ ಜೀವ ಉಳಿದಿದ್ದು ಹೊಲ ಮತ್ತು ಕುರಿಹಟ್ಟಿಯಲ್ಲಿ.

ಕನ್ನಡಿಗರಿಗೂ ಬೇಟೆನಾಯಿಗೂ ಇರುವ ನಂಟು ಇನ್ನೂ ಹಳೆಯದು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಶಾಸನ ನೋಡಿ. ಕಾಲ ಕ್ರಿ.ಶ. 949-50. ಗಂಗ ಬೂತುಗನ ವೀರ ಮಣಲೇರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ. ಮೆಚ್ಚಿದ ಒಡೆಯ ಏನು ಬೇಕು ಅಂತ ಕೇಳಿದರೆ, ಅವನು ಚಿನ್ನ ಕೇಳಲಿಲ್ಲ. ಕಾಳಿ ಅನ್ನೋ ನಾಯಿಯನ್ನು ಕೇಳಿದ! ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನೆಟ್ಟರು, ಭೂಮಿ ಬಿಟ್ಟರು, ಪೂಜೆಗೆ ವ್ಯವಸ್ಥೆ ಮಾಡಿದರು. ಕಾಳಿ ಮುಧೋಳ ತಳಿ ಅಂತ ನಾನು ಹೇಳ್ತಿಲ್ಲ. ದುಡಿದ ನಾಯಿಯ ಹೆಸರನ್ನು ಕಲ್ಲಲ್ಲಿ ಬರೆಸಿದ ನೆಲ ಇದು ಅಂತ ಹೇಳ್ತಿದ್ದೀನಿ.

ಈಗ ಬೇಟೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ, ಅಪರಾಧವೇ ಆಗಿರಬೇಕು. ಹಾಗಾದ್ರೆ ಬೇಟೆನಾಯಿಗೆ ಕೆಲಸ ಏನು? 2005ರಲ್ಲಿ ಅಂಚೆಚೀಟಿ ಬಂತು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಸರ್ಕಾರಿ ಶ್ವಾನ ಸಂಶೋಧನಾ ಕೇಂದ್ರ ಇದೆ. ಸೇನೆಯೂ ಮರಿಗಳನ್ನು ಒಯ್ದು ಮೀರತ್‌ನಲ್ಲಿ ತರಬೇತಿ ಕೊಟ್ಟಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಮೋದಿ 'ಮನ್ ಕಿ ಬಾತ್'ನಲ್ಲಿ ಹೆಸರು ಹೇಳಿದರು. ಸಂತೋಷ.

ಆದರೆ ಅಪಾಯವೂ ಅಲ್ಲೇ ಇದೆ. ಹೆಸರು ಬಂತು ಅಂದ್ರೆ ಫ್ಯಾಷನ್ ಬಂತು. ಎರಡು ಕೋಣೆಯ ಫ್ಲ್ಯಾಟಿಗೆ ಮರಿ ತಂದು ಬಾಲ್ಕನಿಯಲ್ಲಿ ಕಟ್ಟಿ ಹಾಕಿದ್ರೆ ಅದು ಒದ್ದಾಡದೆ ಇನ್ನೇನು ಮಾಡುತ್ತೆ? ಮನೆಯವರಿಗೆ ಬೇಸರ ಬಂದ ದಿನ ಬೀದಿಗೆ ಬೀಳೋದು ಅದೇ. ಇನ್ನು ದುಡ್ಡಿನಾಸೆಗೆ ಸಿಕ್ಕಸಿಕ್ಕ ಹಾಗೆ ಮರಿ ಮಾಡಿಸಿದ್ರೆ ಊರಿನ ಹೆಸರು ಉಳಿಯುತ್ತೆ, ತಳಿ ಉಳಿಯೋದಿಲ್ಲ.

ಸ್ವದೇಶಿ ತಳಿಯ ಅಭಿಮಾನ ಇರಲಿ, ಅದು ಒಳ್ಳೆಯದೇ. ಆದರೆ ಮರಿಗೆ ದುಡ್ಡು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ದಿನಾ ಇದನ್ನು ಓಡಿಸೋಕೆ ನನ್ನ ಹತ್ತಿರ ಜಾಗ ಇದೆಯಾ, ಸಮಯ ಇದೆಯಾ? ಇಲ್ಲ ಅಂದ್ರೆ, ದಯವಿಟ್ಟು ಅದನ್ನು ಮುಧೋಳದ ಬಯಲಲ್ಲೇ ಬಿಡಿ.