ಬಹುಪ್ರಣಯದ ಕಥೆಗಳಲ್ಲಿ ಹಬ್ಬವೂ ಮನೆತನವೂ

ಇಬ್ಬರ ಒಲವನ್ನು ವರ್ಣಿಸಹೊರಟ ಕವಿಗೆ ಏಕಾಂತವೊಂದು ದೊರೆತರೆ ಸಾಕು. ಒಂದು ಲತಾಮಂಟಪ, ಒಂದಿಷ್ಟು ಬೆಳುದಿಂಗಳು, ದೂರದಲ್ಲಿ ಕಾವಲಿರುವ ಒಬ್ಬ ಸಖಿ, ಇಷ್ಟರಿಂದಲೇ ಆತನ ಕಾರ್ಯವು ಸಾಗುವುದು. ಆದರೆ ಒಲವಿನ ನಂಟು ಮೂವರನ್ನೋ ಐವರನ್ನೋ ಕಟ್ಟಿಹಾಕಿದಾಗ ಕಥೆಯು ಏಕಾಂತದಲ್ಲಿ ಬಗೆಹರಿಯುವುದಿಲ್ಲ. ಹಬ್ಬದ ದಿನ ಬಂಧುಬಳಗವೆಲ್ಲ ನೆರೆದಾಗ ಯಾರ ಪಕ್ಕದ ಮಣೆ ಯಾರದು, ಪೂಜೆಯ ಹರಿವಾಣವನ್ನು ಹಿಡಿಯತಕ್ಕವರು ಯಾರು, ಮನೆಯ ಹಿರಿಯರು ಯಾರನ್ನು ಸೊಸೆಯೆಂದು ಒಳಗೆ ಕರೆದುಕೊಳ್ಳಬೇಕು ಎಂಬ ಪ್ರಶ್ನೆಗಳು ಆಗ ತಲೆಯೆತ್ತುವುವು. ಸಂಬಂಧಪಟ್ಟವರೆಲ್ಲರೂ ಅರಿತು ಒಪ್ಪಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಪ್ರೀತಿಯಿಡುವ ಬಹುಪ್ರಣಯವೆಂಬುದು ಇಂದಿನ ಕಾದಂಬರಿಗಳಿಗೆ ವಸ್ತುವಾಗಿದೆ. ಹೆಸರು ಹೊಸದಾದರೂ ಅದನ್ನು ಬರೆಯುವವರಿಗೆ ಎದುರಾಗುವ ತೊಡಕು ಹಳೆಯದೇ. ನಮ್ಮ ಪ್ರಾಚೀನ ಕವಿಗಳು ಈ ತೊಡಕನ್ನು ಹೇಗೆ ನಿರ್ವಹಿಸಿದರೆಂಬುದು ವಿಚಾರಾರ್ಹವಾಗಿದೆ.

ಮೊದಲು ಮಹಾಭಾರತದ ಆದಿಪರ್ವವನ್ನು ನೋಡಬಹುದು. ಅರ್ಜುನನು ಸ್ವಯಂವರದಲ್ಲಿ ಗೆದ್ದುತಂದ ದ್ರೌಪದಿಯನ್ನು, ಭಿಕ್ಷೆಯೆಂದು ಭಾವಿಸಿದ ಕುಂತಿಯು, ಹಿಂದಿರುಗಿ ನೋಡದೆಯೇ ಎಲ್ಲರೂ ಕೂಡಿ ಅನುಭವಿಸಿರೆಂದಳು. ತಾಯಿಯ ಬಾಯಿಂದ ಬಂದ ಈ ಮಾತೇ ಐವರ ದಾಂಪತ್ಯಕ್ಕೆ ಬೀಜವಾಯಿತು. ಆದರೆ ಕವಿಯು ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಸೋದರರೆಲ್ಲರ ಮನಸ್ಸೂ ಆಕೆಯಲ್ಲಿ ನೆಟ್ಟುದನ್ನು ಕಂಡು, ಮನೆಯೊಡೆದೀತೆಂದು ಯುಧಿಷ್ಠಿರನು ಅಂಜಿದನೆಂದು ಸ್ಪಷ್ಟವಾಗಿ ಹೇಳಿರುವನು. ಹೆಣ್ಣಿನ ತಂದೆಯಾದ ದ್ರುಪದನು ಇದು ಲೋಕವಿರುದ್ಧವೆಂದು ಆಕ್ಷೇಪಿಸಿದನು. ಅಣ್ಣನಾದ ಧೃಷ್ಟದ್ಯುಮ್ನನು ಹಿರಿಯನು ತಮ್ಮನ ಮಡದಿಯನ್ನು ಹೇಗೆ ಸೇರಬಲ್ಲನೆಂದು ಕೇಳಿದನು. ಯುಧಿಷ್ಠಿರನು ಏಳು ಮಂದಿ ಋಷಿಗಳ ಕೈಹಿಡಿದ ಗೌತಮಿಯ ಪೂರ್ವದೃಷ್ಟಾಂತವನ್ನು ಮುಂದಿಟ್ಟನು. ಕಡೆಗೆ ವ್ಯಾಸರೇ ಬಂದು ಪೂರ್ವಜನ್ಮದ ವೃತ್ತಾಂತವನ್ನು ತಿಳಿಸಿದ ಮೇಲೆಯೇ ದ್ರುಪದನು ಸಮ್ಮತಿಸಿದನು. ವಿವಾಹವೂ ಒಂದೇ ಮುಹೂರ್ತದಲ್ಲಿ ಮುಗಿಯಲಿಲ್ಲ. ಜ್ಯೇಷ್ಠಾನುಕ್ರಮದಿಂದ ದಿನಕ್ಕೊಬ್ಬರಂತೆ ಪಾಣಿಗ್ರಹಣವಾಯಿತು. ಎರಡು ಮನೆತನಗಳ ಶಂಕೆಯನ್ನು ಮುಚ್ಚಿಡದೆ, ಒಬ್ಬೊಬ್ಬರ ಬಾಯಿಂದಲೂ ಅದನ್ನು ಆಡಿಸಿ, ಒಂದೊಂದಕ್ಕೂ ಸಮಾಧಾನ ಹೇಳಿಸಿದುದು ಈ ಪ್ರಸಂಗದ ಹಿರಿಮೆ.

ವಿವಾಹವಾದ ಬಳಿಕ ದಿನಚರಿಯ ಪ್ರಶ್ನೆ ಬಂದಿತು. ನಾರದರು ಇಂದ್ರಪ್ರಸ್ಥಕ್ಕೆ ಬಂದು, ತಿಲೋತ್ತಮೆಗಾಗಿ ಹೊಡೆದಾಡಿ ಸತ್ತ ಸುಂದೋಪಸುಂದರ ಕಥೆಯನ್ನು ಹೇಳಿದರು. ಪಾಂಡವರು ಅದರಿಂದ ಎಚ್ಚೆತ್ತು ತಮ್ಮೊಳಗೊಂದು ಕಟ್ಟುಪಾಡನ್ನು ಮಾಡಿಕೊಂಡರು. ಒಬ್ಬನು ದ್ರೌಪದಿಯೊಡನಿರುವಾಗ ಮತ್ತೊಬ್ಬನು ನೋಡಿದರೆ, ನೋಡಿದವನು ಬ್ರಹ್ಮಚರ್ಯದಿಂದ ೧೨ ವರ್ಷ ವನವಾಸ ಮಾಡತಕ್ಕದ್ದು. ಮುಂದೆ ಬ್ರಾಹ್ಮಣನೊಬ್ಬನ ಗೋವುಗಳನ್ನು ಕಳ್ಳರಿಂದ ಬಿಡಿಸಲು ಆಯುಧ ಬೇಕಾಗಿ, ಅರ್ಜುನನು ಯುಧಿಷ್ಠಿರ ದ್ರೌಪದಿಯರಿದ್ದ ಮನೆಯನ್ನು ಹೊಗಬೇಕಾಯಿತು. ಅಣ್ಣನಿದ್ದೆಡೆಗೆ ತಮ್ಮನು ಬಂದರೆ ದೋಷವಿಲ್ಲವೆಂದು ಯುಧಿಷ್ಠಿರನೇ ಬಿಡುಗಡೆ ಮಾಡಹೊರಟರೂ, ಧರ್ಮವನ್ನು ನೆಪವೊಡ್ಡಿ ನಡೆಸಲಾಗದೆಂದು ಅರ್ಜುನನು ಹೊರಟುಹೋದನು. ಹಲವರ ಒಲವು ನಿಲ್ಲುವುದು ಉತ್ಸಾಹದಿಂದಲ್ಲ, ಕೊಟ್ಟ ಮಾತಿನಿಂದ ಎಂಬುದನ್ನು ಕವಿಯು ಇಲ್ಲಿ ಉಪದೇಶವಿಲ್ಲದೆ ತಿಳಿಸಿರುವನು.

ಆ ವನವಾಸದ ಕಡೆಯಲ್ಲಿಯೇ ಹಬ್ಬವು ಪ್ರವೇಶಿಸುವುದು. ರೈವತಕ ಪರ್ವತದಲ್ಲಿ ವೃಷ್ಣ್ಯಂಧಕರು ತಮ್ಮ ಮಡದಿಮಕ್ಕಳೊಡನೆ ಮಹೋತ್ಸವವನ್ನು ನಡೆಸಿದರು. ವಾದ್ಯಗಳ ಘೋಷ, ದಾನಗಳ ಸಂಭ್ರಮ, ರೇವತಿಯೊಡನೆ ಮಧುಮತ್ತನಾಗಿ ತಿರುಗುವ ಬಲರಾಮ, ಇವುಗಳ ನಡುವೆ ಅರ್ಜುನನು ಸುಭದ್ರೆಯನ್ನು ಕಂಡನು. ಹಬ್ಬವು ಒಲವಿಗೆ ಬಾಗಿಲನ್ನು ತೆರೆಯಿತು. ಆ ಬಾಗಿಲಿನಲ್ಲಿಯೇ ಮನೆತನವೂ ನಿಂತಿತ್ತು. ಕೃಷ್ಣನ ಸಲಹೆಯಂತೆ ಕನ್ಯಾಹರಣವು ನಿಶ್ಚಯವಾದಾಗ, ದೂತರು ಇಂದ್ರಪ್ರಸ್ಥಕ್ಕೆ ಹೋಗಿ ಯುಧಿಷ್ಠಿರನ ಅನುಮತಿಯನ್ನು ತಂದರು. ಸುಧರ್ಮಾ ಸಭೆಯಲ್ಲಿ ಬಲರಾಮನು ಕೆರಳಿದನು, ಕೃಷ್ಣನು ಸಮಾಧಾನಪಡಿಸಿದನು. ಇಷ್ಟು ಮಂದಿಯನ್ನು ಕೇಳಿದ ಕಥೆಯಲ್ಲಿ ದ್ರೌಪದಿಯನ್ನು ಕೇಳಿದವರು ಯಾರೂ ಇಲ್ಲ.

ಆ ಕೊರತೆಯ ಫಲವನ್ನು ಕವಿಯು ಮರೆಮಾಡಿಲ್ಲ. ಅರ್ಜುನನು ಹಿಂದಿರುಗಿದಾಗ ದ್ರೌಪದಿಯು, ಸಾತ್ವತರ ಮಗಳಿದ್ದೆಡೆಗೇ ಹೋಗಬಹುದೆಂದೂ, ಹೊರೆಗೆ ಹೊಸ ಕಟ್ಟು ಬಿದ್ದರೆ ಹಳೆಯ ಕಟ್ಟು ಸಡಿಲುವುದೆಂದೂ ನೊಂದು ನುಡಿದಳು. ಆಗ ಅರ್ಜುನನು ಸುಭದ್ರೆಯನ್ನು ಅರಸುಮಗಳ ಆಡಂಬರವಿಲ್ಲದೆ ಗೊಲ್ಲತಿಯ ವೇಷದಲ್ಲಿ ಒಳಗೆ ಕಳುಹಿಸಿದನು. ಆಕೆ ಮೊದಲು ಅತ್ತೆಗೆ ವಂದಿಸಿ, ಬಳಿಕ ದ್ರೌಪದಿಯ ಮುಂದೆ ಬಾಗಿ, ತಾನು ಆಕೆಯ ಸೇವಕಿಯೆಂದಳು. ದ್ರೌಪದಿಯು ಎದ್ದು ಅಪ್ಪಿಕೊಂಡು ಹರಸಿದಳು. ಬಲರಾಮಕೃಷ್ಣರು ಬಳುವಳಿಯೊಡನೆ ಬಂದು ನಡೆಸಿದ ಸಂಭ್ರಮವು ಇದಾದ ಮೇಲಿನದು. ಎರಡು ಕುಲಗಳ ಉತ್ಸವಕ್ಕೆ ಮುಂಚೆ ಇಬ್ಬರು ಹೆಂಗಸರ ಭೇಟಿಯನ್ನು ಕವಿಯು ಇರಿಸಿದುದು ಔಚಿತ್ಯಜ್ಞಾನದಿಂದಲೇ.

ಇನ್ನು ನಾಟಕಗಳಿಗೆ ಬರುವ. ೬೦೬ರಿಂದ ೬೪೭ರ ವರೆಗೆ ಆಳಿದ ಹರ್ಷನ ‘ರತ್ನಾವಳಿ’ಯು ಹಬ್ಬದಿಂದಲೇ ಆರಂಭವಾಗುವುದು. ಕೌಶಾಂಬಿಯಲ್ಲಿ ಮದನೋತ್ಸವ, ಪುರಜನರು ಗಂಧದ ಹುಡಿಯನ್ನು ತೂರುತ್ತ, ನೀರನ್ನು ಎರಚುತ್ತ ಕುಣಿಯುತ್ತಿರುವರು. ಪಟ್ಟದರಸಿಯಾದ ವಾಸವದತ್ತೆಯು ಮಕರಂದೋದ್ಯಾನದ ಅಶೋಕವೃಕ್ಷದಡಿಯಲ್ಲಿ ಕಾಮದೇವನನ್ನೂ, ಪತಿಯಾದ ಉದಯನನನ್ನೂ ಪೂಜಿಸಲು ಬಂದಳು. ಪರಿವಾರದಲ್ಲಿ ಸಾಗರಿಕೆಯೆಂಬ ಚೆಲುವೆಯನ್ನು ಕಂಡೊಡನೆ, ಅರಸನ ಕಣ್ಣಿಗೆ ಬೀಳಬಾರದೆಂದು, ಸಾರಿಕೆಯನ್ನು ನೋಡಿಕೊಳ್ಳಲು ಆಕೆಯನ್ನು ಹಿಂದಕ್ಕೆ ಅಟ್ಟಿದಳು. ಸಾಗರಿಕೆಯು ಹೋಗದೆ ಮರೆಯಲ್ಲಿ ನಿಂತು, ಅರಸನನ್ನೇ ಮನ್ಮಥನೆಂದು ಭ್ರಮಿಸಿ, ತಾನು ಕೊಯ್ದ ಹೂಗಳನ್ನು ಅಲ್ಲಿಂದಲೇ ಅರ್ಪಿಸಿದಳು. ಒಂದೇ ಪೂಜೆ, ಒಂದೇ ದೇವತೆ. ಒಬ್ಬಳಿಗೆ ಎಲ್ಲರ ಮುಂದೆ ಅರ್ಚಿಸುವ ಅಧಿಕಾರ, ಮತ್ತೊಬ್ಬಳಿಗೆ ಗಿಡದ ಮರೆ. ಮುಂದಿನ ಮೂರು ಅಂಕಗಳ ವೇದನೆಯೆಲ್ಲ ಈ ಒಂದು ನೋಟದಲ್ಲಿ ಅಡಗಿದೆ.

ಆ ಸಾಗರಿಕೆಯು ಸಿಂಹಳದ ರಾಜಪುತ್ರಿ ರತ್ನಾವಳಿ. ವಾಸವದತ್ತೆಗೆ ಸೋದರಮಾವನ ಮಗಳು. ವಾಸವದತ್ತೆಯ ಮನಸ್ಸು ನೋಯುವುದೆಂದು ಸಿಂಹಳೇಶ್ವರನು ಮೊದಲು ಮಗಳನ್ನು ಕೊಡಲೊಲ್ಲದೆ ಹೋದನು. ಮಂತ್ರಿಯಾದ ಯೌಗಂಧರಾಯಣನು ವಾಸವದತ್ತೆಯು ಬೆಂಕಿಯಲ್ಲಿ ಬೆಂದುಹೋದಳೆಂಬ ಸುಳ್ಳುಸುದ್ದಿಯನ್ನು ಹಬ್ಬಿಸಿಯೇ ಕಾರ್ಯವನ್ನು ಸಾಧಿಸಬೇಕಾಯಿತು. ಹೀಗೆ ಸುಳ್ಳಿನಿಂದ ಆರಂಭವಾದ ಸಂಬಂಧವು ವೇಷಾಂತರ, ಕೋಪ, ಸೆರೆವಾಸಗಳನ್ನು ಹಾದು, ಕಡೆಯಲ್ಲಿ ಕಂಠಹಾರದ ಗುರುತಿನಿಂದ ಬಯಲಾಗುವುದು. ಆಗ ವಾಸವದತ್ತೆಯು ತಾನು ಕಟ್ಟಿಸಿದ ಸಂಕಲೆಗಾಗಿ ನಾಚಿ, ತಂಗಿಯನ್ನು ತಾನೇ ಸಿಂಗರಿಸಿ ಅರಸನಿಗೆ ಒಪ್ಪಿಸಿದಳು. ಈಕೆಯ ತವರಿನವರು ಬಹು ದೂರದಲ್ಲಿರುವರು, ಬಂಧುಗಳ ನೆನಪಾಗದಂತೆ ನೋಡಿಕೊಳ್ಳಬೇಕೆಂದು ಆಕೆ ಅರಸನಲ್ಲಿ ಕೇಳಿಕೊಂಡಳು. ಸವತಿಯ ತವರನ್ನು ನೆನೆದ ಈ ಮಾತು ನಾಟಕದ ಅತ್ಯಂತ ಮಾನವೀಯವಾದ ಮಾತೆಂದರೆ ತಪ್ಪಾಗಲಾರದು.

ಇಂತಹ ಕಥೆಗಳ ಕಟ್ಟಡವು ಮುಂದೆ ಲಕ್ಷಣಗ್ರಂಥಗಳಲ್ಲಿ ನಿಯಮವಾಯಿತು. ೧೦ನೆಯ ಶತಮಾನದ ಧನಂಜಯನು ‘ದಶರೂಪಕ’ದಲ್ಲಿ, ನಾಟಿಕೆಯ ಹಿರಿಯ ರಾಣಿಯು ಗಂಭೀರಳೂ ಮಾನವತಿಯೂ ಆಗಿರಬೇಕೆಂದೂ, ಹೊಸ ನಾಯಿಕೆಯ ಸಮಾಗಮವು ಆಕೆಯ ವಶದಲ್ಲಿರಬೇಕೆಂದೂ ವಿಧಿಸಿರುವನು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕವೂ ಈ ಜಾಡಿನದೇ. ೧೬೭೩ರಿಂದ ೧೭೦೪ರ ವರೆಗೆ ಮೈಸೂರನ್ನಾಳಿದ ಚಿಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನು ‘ರತ್ನಾವಳಿ’ಯನ್ನು ಅನುಸರಿಸಿ ‘ಮಿತ್ರವಿಂದಾಗೋವಿಂದ’ವನ್ನು ರಚಿಸಿದನು, ಉದಯನನ ಎಡೆಯಲ್ಲಿ ಕೃಷ್ಣನೂ ರತ್ನಾವಳಿಯ ಎಡೆಯಲ್ಲಿ ಮಿತ್ರವಿಂದೆಯೂ ಬಂದರು. ಭಾಗವತದ ಮಿತ್ರವಿಂದೆಯು ಕೃಷ್ಣನ ಸೋದರತ್ತೆಯ ಮಗಳು. ಆಕೆಯ ಆಯ್ಕೆಗೆ ಅಡ್ಡಬಂದವರು ಒಡಹುಟ್ಟಿದ ವಿಂದಾನುವಿಂದರೇ. ಹೀಗಾಗಿ ಪಾತ್ರಗಳು ಬದಲಾದರೂ ಬಂಧುಗಳ ಹಂಗು ಕಥೆಯನ್ನು ಬಿಡಲಿಲ್ಲ.

ಮತ್ತೊಂದು ದಾರಿಯನ್ನು ಹಿಡಿದವನು ಪಂಪ. ೯೪೧ರಲ್ಲಿ ‘ವಿಕ್ರಮಾರ್ಜುನವಿಜಯ’ವನ್ನು ರಚಿಸಿದ ಈತನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಂಡವನು. ಆದುದರಿಂದ ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯನ್ನಾಗಿ ಮಾಡಿ, ಐವರ ದಾಂಪತ್ಯವನ್ನೇ ತೆಗೆದುಹಾಕಿದನು. ಕುಲದ ನಿರೀಕ್ಷೆಯು ಇಲ್ಲಿ ಪಾತ್ರಗಳನ್ನು ದಾಟಿ ಕವಿಯ ಲೇಖನಿಯವರೆಗೂ ಬಂದಿತು. ಆದರೆ ತೊಡಕು ಅಳಿಯಿತೆ? ಯುದ್ಧಾನಂತರ ಅರ್ಜುನನಿಗೆ ಪಟ್ಟವಾದಾಗ ಸಿಂಹಾಸನದಲ್ಲಿ ಅವನೊಡನೆ ಕುಳಿತವಳು ಸುಭದ್ರೆ. ಮುಡಿಯನ್ನು ಹಿಡಿದೆಳೆಯಿಸಿಕೊಂಡ ದ್ರೌಪದಿಗೆ ಆ ಶುಭದಿನದಂದು ಪಟ್ಟದ ಪೀಠವು ದೊರೆಯಲಿಲ್ಲ. ಗಂಡಂದಿರನ್ನು ಕಳೆದರೂ, ಹಬ್ಬದ ದಿನ ಪಕ್ಕದ ಪೀಠ ಯಾರದೆಂಬ ಪ್ರಶ್ನೆಯು ಉಳಿದೇ ಉಳಿಯಿತು. ೧೫ನೆಯ ಶತಮಾನದಲ್ಲಿ ಕುಮಾರವ್ಯಾಸನು ಮತ್ತೆ ಐವರ ಮಡದಿಯಾದ ದ್ರೌಪದಿಯನ್ನೇ ಕನ್ನಡಕ್ಕೆ ತಂದನು. ಐವರಿದ್ದೂ ಅನಾಥಳಾದ ಆಕೆಯ ಅಳಲು ಆತನ ಕಾವ್ಯದಲ್ಲಿ ಮನಕರಗುವಂತೆ ಮೂಡಿದೆ.

ಈ ಪುರಾತನ ಕಥೆಗಳನ್ನು ಇಂದಿನ ಬಹುಪ್ರಣಯಕ್ಕೆ ಸಮವೆನ್ನಲಾಗದು. ಅರಸನಿಗಿದ್ದ ಸ್ವಾತಂತ್ರ್ಯವು ಅರಸಿಯರಿಗಿರಲಿಲ್ಲ; ವಾಸವದತ್ತೆಯ ಒಪ್ಪಿಗೆಯಲ್ಲಿ ಔದಾರ್ಯವೆಷ್ಟು, ನಿರುಪಾಯವೆಷ್ಟು ಎಂಬುದನ್ನು ಹೇಳುವುದು ಕಷ್ಟ. ಅಲ್ಲದೆ, ಆ ಕವಿಗಳಿಗೆ ಕಡೆಯ ಅಂಕದಲ್ಲಿ ವಿವಾಹವೆಂಬ ಪರಿಹಾರವಿದ್ದಿತು. ೧೯೫೫ರ ಹಿಂದೂ ವಿವಾಹ ಶಾಸನವು ಏಕಪತ್ನೀತ್ವವನ್ನೂ ಏಕಪತಿತ್ವವನ್ನೂ ವಿಧಿಸಿದ ಮೇಲೆ, ಹಿಂದೂ ಮನೆತನವನ್ನು ಚಿತ್ರಿಸುವ ಲೇಖಕನು ಮೂರನೆಯವರನ್ನು ಮಂಟಪಕ್ಕೆ ಕರೆತಂದು ಕಥೆಯನ್ನು ಮಂಗಳಗೊಳಿಸಲಾರನು. ಆದುದರಿಂದ ಹಬ್ಬದ ದಿನವೇ ಅಂತಹ ಕಥೆಗೆ ಒರೆಗಲ್ಲಾಗುವುದು. ಗೌರಿಯ ಹಬ್ಬಕ್ಕೆ ತವರಿನಿಂದ ಬಾಗಿನವು ಬರುವಾಗ ಯಾವ ಮನೆಗೆ ಬರಬೇಕು? ದೀಪಾವಳಿಗೆ ಅಳಿಯನನ್ನು ಕರೆಯುವ ಮಾವನು ಇಬ್ಬರಿದ್ದಲ್ಲಿ ಯಾರಿಗೆ ಎಣ್ಣೆಯೊತ್ತಿಸಬೇಕು? ಹೇಳದೆ ಮುಚ್ಚಿಟ್ಟವರು ಆ ದಿನ ಎಲ್ಲಿ ಉಣ್ಣಬೇಕು?

ಇವಕ್ಕೆ ಉತ್ತರವನ್ನು ಬರೆಯುವಾಗ ಹಳೆಯ ಕವಿಗಳ ಅನುಭವವು ನೆರವಾದೀತು. ಮನೆಯವರನ್ನು ಮೂಢರನ್ನಾಗಿ ಚಿತ್ರಿಸದೆ ದ್ರುಪದನಂತೆ ವಾದಿಸಲು ಬಿಡಬೇಕು. ಸುಳ್ಳಿನಿಂದ ಕೂಡಿಸಿದ ಸಂಬಂಧವು ಯೌಗಂಧರಾಯಣನ ಉಪಾಯದಂತೆ ಯಾರನ್ನಾದರೂ ಸೆರೆಗೆ ತಳ್ಳುವುದೆಂಬುದನ್ನು ಮರೆಯಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಯಾರನ್ನು ಕೇಳದೆ ಬಿಡಲಾಯಿತೆಂಬುದನ್ನು ಗಮನಿಸಬೇಕು. ರೈವತಕದ ಉತ್ಸವವು ಎಷ್ಟೇ ವೈಭವದಿಂದ ನಡೆದಿರಲಿ, ಆ ಕಥೆಯು ನಿಜವಾಗಿ ನಿಂತುದು ಇಂದ್ರಪ್ರಸ್ಥದ ಒಳಮನೆಯಲ್ಲಿ, ಯಾರೂ ಕೇಳದಿದ್ದ ದ್ರೌಪದಿಯು ತಾನಾಗಿ ಎದ್ದು ಸುಭದ್ರೆಯನ್ನು ಅಪ್ಪಿಕೊಂಡಾಗ.